ನಾನೂರ ಹನ್ನೆರಡು ಎಂದ ಮೆಷೀನು

ಆರ್.ಕೆ.ಪುರಂನ ನಮ್ಮ ಸೆಕ್ಟರಿನ ಮಾರುಕಟ್ಟೆಯಲ್ಲಿ ಹಣ್ಣಿನ ಗಾಡಿಯವನು ಕೀವಿ ಹಣ್ಣನ್ನು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ತಂದಿಟ್ಟನೆಂದರೆ ಊರಲ್ಲಿ ಡೆಂಗ್ಯೂ ಶುರುವಾಯಿತೆಂದು ಅರ್ಥ. ಸೊಳ್ಳೆಗೆ ಹೊಗೆ ಬಿಡುವ ಗಾಡಿ ಬರುವುದು ಅದಾದ ಮೇಲೆ. ಈ ಸಲ ಎರಡೂ ಒಂದೇ ಸಂಜೆ ಆದವು. ನಾನು ಡ್ಯೂಟಿ ಮುಗಿಸಿ ಬಸ್ಸಿಳಿದು ಬರುವಾಗ ಕ್ವಾರ್ಟರ್ಸ್‌ಗಳ ನಡುವಿನ ಗಲ್ಲಿಯಲ್ಲಿ ಬಿಳಿ ಹೊಗೆ ತುಂಬಿಕೊಂಡಿತ್ತು. ಡೀಸೆಲ್ಲೂ ಔಷಧಿಯೂ ಬೆರೆತ ವಾಸನೆ. ಮಕ್ಕಳು ಅದರ ಹಿಂದೆ ಓಡುತ್ತಿದ್ದರು, ತಾಯಂದಿರು ಕಿಟಕಿ ಎಳೆದುಕೊಳ್ಳುತ್ತ ಬೈಯುತ್ತಿದ್ದರು. ನಾನು ಗಾಡಿಯ ಮುಂದೆ ನಿಂತೆ.

"ಒಂದು ಕೀವಿ ಕೊಡಿ ಭಯ್ಯಾ."

"ಮೂರರ ಪ್ಯಾಕೆಟ್ ಇದೆ ಮೇಡಂ. ಒಂದರಿಂದ ಪ್ಲೇಟ್‌ಲೆಟ್ ಏರುತ್ತಾ? ಮನೆಯಲ್ಲಿ ಯಾರಿಗೆ ಡೆಂಗ್ಯೂ?"

"ಯಾರಿಗೂ ಇಲ್ಲ."

"ಅಚ್ಛಾ, ನಿಮಗೆ ಇಷ್ಟ ಅಂತ."

"ಇಷ್ಟವೂ ಇಲ್ಲ."

ಅವನು ನನ್ನ ಮುಖ ನೋಡಿ ಪ್ಯಾಕೆಟ್ ಹರಿದು ಒಂದನ್ನು ಕೊಟ್ಟ.

ಕೀವಿ ನಾನು ತಿನ್ನುವುದಿಲ್ಲ. ಆ ಹೊಗೆಯ ವಾಸನೆ ಬಂದರೆ ನನಗೆ ನೆನಪಾಗುವುದು ನೋಯ್ಡಾದ ಒಂದು ಖಾಸಗಿ ಆಸ್ಪತ್ರೆಯ ನಾಲ್ಕನೇ ಮಹಡಿ, ಮಳೆ ನಿಂತ ಮೇಲೂ ನಿಲ್ಲದ ಸೆಕೆ, ಮತ್ತು ಅಲ್ಲಿ ನನ್ನ ಕೈಯಿಂದಲೇ ಸಾಯಬಹುದಾಗಿದ್ದ ಒಬ್ಬ ಹೆಂಗಸು.

ಮೈಸೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಕೇಂದ್ರ ಸರ್ಕಾರದ ಹುದ್ದೆಯ ಪರೀಕ್ಷೆಗೆ ಓದಿಕೊಳ್ಳುತ್ತೇನೆಂದು ನಾನು ದೆಹಲಿಯ ಕಡೆಗೆ ಬಂದ ಮೊದಲ ವರ್ಷ ಅದು. ನೋಯ್ಡಾದಲ್ಲಿ ಪಿ.ಜಿ.ಯ ಒಂದು ಕೋಣೆ, ಬೆಳಗಿನ ಪಾಳಿಯ ಕೆಲಸ, ಸಂಜೆ ಕೋಚಿಂಗ್. ಕೆಲಸ ಒಂದು ವರ್ಷದ ಕರಾರಿನದು. ಮುಂದುವರಿಸುತ್ತಾರೋ ಇಲ್ಲವೋ ಎನ್ನುವುದು ವಾರ್ಡಿನ ಇನ್‌ಚಾರ್ಜ್ ಬರೆಯುವ ವರದಿಯ ಮೇಲೆ. ಇನ್‌ಚಾರ್ಜ್ ಲಿಸ್ಸಿ ಸಿಸ್ಟರ್ ಕೋಟ್ಟಯಂ ಕಡೆಯವರು, ಮಂಗಳೂರಿನಲ್ಲಿ ಓದಿದ್ದರಿಂದ ನನ್ನೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಅವರು ಎಲ್ಲವನ್ನೂ ಕಣ್ಣಂದಾಜಿನಲ್ಲಿ ಮಾಡುವವರು ಎಂದು ನನಗೆ ಅಸಮಾಧಾನವಿತ್ತು. ನಾನು ಎಲ್ಲವನ್ನೂ ಎರಡು ಸಲ ನೋಡುವವಳು ಎಂದು ವಾರ್ಡಿಗೆಲ್ಲ ಅಸಮಾಧಾನವಿತ್ತು. ನನಗೆ 'ಡಬಲ್ ಚೆಕ್' ಎಂದೇ ಹೆಸರಿಟ್ಟಿದ್ದರು. ಕೇಳಿಸದ ಹಾಗೆ ನಟಿಸುತ್ತಿದ್ದೆ. ಒಳಗೆ ಸಂತೋಷವೇ ಆಗುತ್ತಿತ್ತು.

ಹೆಸರು ಬಂದದ್ದು ರಕ್ತ ಕೊಡುವ ವಿಚಾರದಲ್ಲಿ. ರಕ್ತವಾಗಲಿ ಪ್ಲೇಟ್‌ಲೆಟ್ ಆಗಲಿ ಏರಿಸುವ ಮೊದಲು ಇಬ್ಬರು ನರ್ಸುಗಳು ಹಾಸಿಗೆಯ ಪಕ್ಕದಲ್ಲೇ ನಿಂತು ಚೀಲದ ಮೇಲಿನ ನಂಬರು, ರಕ್ತದ ಗುಂಪು, ಕೊನೆಯ ದಿನಾಂಕ, ರೋಗಿಯ ಕೈಪಟ್ಟಿಯ ನಂಬರು ಎಲ್ಲವನ್ನೂ ಗಟ್ಟಿಯಾಗಿ ಓದಿ ಹೋಲಿಸಬೇಕು. ಆಮೇಲೆ ರೋಗಿಯ ಹೆಸರನ್ನು ರೋಗಿಯ ಬಾಯಿಂದಲೇ ಹೇಳಿಸಬೇಕು. 'ನೀವು ಸುನೀತಾ ಅಲ್ಲವೇ' ಎಂದು ಕೇಳಿದರೆ ಜ್ವರದಲ್ಲಿರುವ ಮನುಷ್ಯ ಯಾವ ಹೆಸರಿಗಾದರೂ 'ಹಾಂ ಜೀ' ಎನ್ನುತ್ತಾನೆ. ಅದಕ್ಕೇ ನಾನು 'ನಿಮ್ಮ ಹೆಸರು ಹೇಳಿ' ಎಂದು ಕೇಳುತ್ತಿದ್ದೆ. "ಮೂರು ದಿನದಿಂದ ಇಲ್ಲೇ ಬಿದ್ದಿದ್ದೀವಿ, ಸಿಸ್ಟರ್‌ಗೆ ಇನ್ನೂ ಹೆಸರು ಗೊತ್ತಿಲ್ಲವಂತೆ," ಎಂದು ಸಂಬಂಧಿಕರು ಪರಸ್ಪರ ಹೇಳಿಕೊಂಡು ನಗುತ್ತಿದ್ದರು.

ಸಂಬಂಧಿಕರು. ಆ ಋತುವಿನಲ್ಲಿ ನನ್ನ ತಾಳ್ಮೆಯನ್ನು ಡೆಂಗ್ಯೂಗಿಂತ ಹೆಚ್ಚಾಗಿ ತಿಂದವರು ಅವರು. ಡ್ರಿಪ್ ಕೊಳವೆಯ ಮೇಲೆ ಹನಿಯ ವೇಗ ಹೆಚ್ಚುಕಡಿಮೆ ಮಾಡುವ ಸಣ್ಣ ಚಕ್ರ ಇರುತ್ತದಲ್ಲ, ನಾನು ಗಡಿಯಾರ ನೋಡಿ ಹನಿ ಎಣಿಸಿ ಅದನ್ನು ಹೊಂದಿಸಿ ಬೆನ್ನು ತಿರುಗಿಸುವಷ್ಟರಲ್ಲಿ ಯಾರೋ ಪೂರ್ತಿ ತಿರುಗಿಸಿಬಿಟ್ಟಿರುತ್ತಿದ್ದರು. ಬೇಗ ಮುಗಿದರೆ ಬೇಗ ಗುಣವಾಗುತ್ತದಂತೆ. ಪಪ್ಪಾಯಿ ಎಲೆಯ ರಸ ಬಾಟಲಿಗಳಲ್ಲಿ ಬರುತ್ತಿತ್ತು. ಆಡಿನ ಹಾಲು ಬರುತ್ತಿತ್ತು. ನೋಯ್ಡಾದಂಥ ಊರಿನಲ್ಲಿ ಆಡು ಎಲ್ಲಿದೆಯೋ ನನಗೆ ತಿಳಿಯದು. ಮತ್ತು ಕೀವಿ. ಪ್ರತಿ ಹಾಸಿಗೆಯ ಪಕ್ಕದ ಕಪಾಟಿನ ಮೇಲೂ ಕೀವಿ. ಒಬ್ಬರು ತಂದರೆಂದು ಇನ್ನೊಬ್ಬರು, ಸಂದೇಶಗಳಲ್ಲಿ ಓದಿ ಮತ್ತೊಬ್ಬರು. ಪ್ಲೇಟ್‌ಲೆಟ್ ಅದರಿಂದ ಏರುವುದಿಲ್ಲ, ತಾನಾಗಿಯೇ ಇಳಿದು ತಾನಾಗಿಯೇ ಏರುತ್ತದೆ ಎಂದು ಹೇಳಿ ಹೇಳಿ ನನ್ನ ದನಿ ಕೆಟ್ಟಿತ್ತು.

ಪೊನ್ನಮ್ಮ ಆಂಟಿ ನಮ್ಮ ವಾರ್ಡಿಗೆ ಬಂದದ್ದು ಇಂಥ ದಿನಗಳಲ್ಲಿ. ಕೊಡಗಿನವರು, ಅರವತ್ತು ದಾಟಿದ್ದ ವಯಸ್ಸು, ಹಳೆಯ ಸಕ್ಕರೆ ಕಾಯಿಲೆ, ಈಗ ಡೆಂಗ್ಯೂ. ಪತಿ ಮಾದಪ್ಪನವರು ಸೇನೆಯಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಇಬ್ಬರೂ ನೋಯ್ಡಾದಲ್ಲಿ ಕಂಪನಿ ಕೆಲಸದಲ್ಲಿದ್ದ ಮಗಳ ಜೊತೆ ಇದ್ದರು. ನಾನು ಡ್ರಿಪ್ ಹೊಂದಿಸುತ್ತ ಹನಿಗಳನ್ನು ಬಾಯೊಳಗೇ ಎಣಿಸುತ್ತಿದ್ದಾಗ ಆಂಟಿ ಕಣ್ಣು ಬಿಟ್ಟರು.

"ಹದಿನಾಲ್ಕು, ಹದಿನೈದು ಅಂತೀಯಲ್ಲ! ಯಾವ ಊರು ಮಗು?"

"ಅರಸೀಕೆರೆ."

"ಕೇಳಿಸ್ತಾ?" ಎಂದು ಗಂಡನಿಗೆ ಹೇಳಿದರು. "ನಾನು ಹೇಳಲಿಲ್ವಾ, ಮುಖ ನೋಡಿದ್ರೆ ನಮ್ಮ ಕಡೆಯವಳ ಹಾಗಿದ್ದಾಳೆ ಅಂತ."

"ನೀನು ನಿನ್ನೆ ರಾಜಸ್ಥಾನದ ಡಾಕ್ಟರಿಗೂ ಅದನ್ನೇ ಹೇಳಿದೆ," ಎಂದರು ಮಾದಪ್ಪನವರು. ಅವರು ಸ್ಟೂಲಿನ ಮೇಲೆ ಬೆನ್ನು ನೆಟ್ಟಗಿಟ್ಟುಕೊಂಡು ಕೂತು, ಜ್ವರ ಎಷ್ಟು, ಯಾವ ಗಂಟೆಗೆ, ಯಾರು ನೋಡಿದರು ಎಂದು ಸಣ್ಣ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು. ಆ ಇಡೀ ಮಹಡಿಯಲ್ಲಿ ನನ್ನ ಚಕ್ರವನ್ನು ಮುಟ್ಟದಿದ್ದ ಏಕೈಕ ಸಂಬಂಧಿಕರು ಅವರೇ.

ಆಂಟಿಗೆ ಸುಮ್ಮನೆ ಮಲಗಿರಲು ಬರುತ್ತಿರಲಿಲ್ಲ. ಮೂವತ್ತು ವರ್ಷ ಒಂದು ಕಂಟೋನ್ಮೆಂಟಿನಿಂದ ಇನ್ನೊಂದಕ್ಕೆ ಪೆಟ್ಟಿಗೆ ಕಟ್ಟಿ ಬಿಚ್ಚಿ, ಅಕ್ಕಪಕ್ಕದವರ ಬಾಣಂತನ ಮಾಡಿಸಿ ರೂಢಿಯಾದವರು. ಪಕ್ಕದ ಹಾಸಿಗೆಯಲ್ಲಿ ರಿತು ಎಂಬ ಕಾಲೇಜು ಹುಡುಗಿ ಇದ್ದಳು. ಊರು ಬುಲಂದ್‌ಶಹರ್, ಇಲ್ಲಿ ಹಾಸ್ಟೆಲ್ಲು. ಅವಳ ತಂದೆ ಶಾಲಾ ಮೇಷ್ಟ್ರು. ಎಲ್ಲರೂ ಮಾಸ್ಟರ್‌ಜೀ ಎನ್ನುತ್ತಿದ್ದರು. ಎರಡನೇ ದಿನಕ್ಕೇ ರಿತು ಆಂಟಿಯ ಮಗಳಾಗಿಬಿಟ್ಟಳು. ಅವಳ ಜಡೆ ಹಾಕಿದವರು ಆಂಟಿ. ಊಟ ಮಾಡಲಿಲ್ಲವೆಂದು ಅವಳನ್ನು ಸೇನೆಯ ಹಿಂದಿಯಲ್ಲಿ ಗದರಿದವರೂ ಆಂಟಿಯೇ.

ಆ ದಿನ ಬೆಳಿಗ್ಗೆ ಎರಡು ಸಂಗತಿ ನಡೆದವು. ಮೊದಲನೆಯದು, ಆಂಟಿಯ ಕೈಯಲ್ಲಿದ್ದ ಕ್ಯಾನುಲಾ ಊದಿಕೊಂಡಿತ್ತು. ಕ್ಯಾನುಲಾ ಎಂದರೆ ಔಷಧಿ, ದ್ರವ ಹೋಗಲು ರಕ್ತನಾಳದೊಳಗೆ ಕೂರಿಸುವ ತೆಳು ಪ್ಲಾಸ್ಟಿಕ್ ನಳಿಕೆ. ಅದು ನಾಳದಿಂದ ಹೊರಗೆ ಜಾರಿದರೆ ದ್ರವ ಮಾಂಸಕ್ಕೆ ಹೋಗಿ ಕೈ ಬಾತುಕೊಳ್ಳುತ್ತದೆ. ತೆಗೆದೆ. ಹೊಸದು ಹಾಕಲೇ ಎಂದು ರೌಂಡ್ಸಿಗೆ ಬಂದ ಡಾಕ್ಟರನ್ನು ಕೇಳಿದರೆ, ಚೆನ್ನಾಗಿ ನೀರು ಕುಡಿಯುತ್ತಿದ್ದಾರೆ, ಬೇಡ ಎಂದರು. ಎರಡೂ ಕೈ ಖಾಲಿಯಾದವೆಂದು ಆಂಟಿಗೆ ಹಬ್ಬ.

ಎರಡನೆಯದು ಮಾಸ್ಟರ್‌ಜೀ ತಂದ ಪ್ಲೇಟ್‌ಲೆಟ್. ರಿತುಗೆ ಬೇಕಾಗಿದ್ದ ಗುಂಪಿನದು ನಮ್ಮಲ್ಲಿ ಇರಲಿಲ್ಲ. ಅವರು ಬೆಳಗಿನಿಂದ ಫೋನು ಮಾಡಿ, ದಾನಿಗಳನ್ನು ಹೊಂದಿಸಿ, ಇನ್ನೊಂದು ರಕ್ತನಿಧಿಯಿಂದ ಚೀಲ ತರುವ ಹೊತ್ತಿಗೆ ಹನ್ನೊಂದೂವರೆ. ಬೆವರಿಳಿಯುತ್ತ ಬಂದು ಟಿಫಿನ್ ಚೀಲವನ್ನು ನನ್ನ ಕೈಗಿತ್ತರು. ಚೀಲ ತಣ್ಣಗಿತ್ತು. ತೆಗೆದು ನೋಡಿದರೆ ಪ್ಲೇಟ್‌ಲೆಟ್‌ನ ಸುತ್ತ ಐಸ್.

"ಇದೇನಿದು?"

"ಬರ್ಫ್, ಸಿಸ್ಟರ್. ಇಷ್ಟು ಬಿಸಿಲು. ಕೆಡಬಾರದು ಅಂತ ಕಬ್ಬಿನ ಹಾಲಿನವನ ಹತ್ತಿರ ಕೇಳಿ ಹಾಕಿಸಿಕೊಂಡೆ."

ಪ್ಲೇಟ್‌ಲೆಟ್ ತಂಪಿನಲ್ಲಿಡುವ ವಸ್ತುವಲ್ಲ. ಕೋಣೆಯ ಹದವಾದ ಉಷ್ಣತೆಯಲ್ಲಿ, ಮೆಲ್ಲಗೆ ಅಲ್ಲಾಡುತ್ತ ಇರಬೇಕು. ರಕ್ತನಿಧಿಯವರು ಹೇಳಿರಲಿಲ್ಲವೇ ಎಂದರೆ, ಹೇಳಿರಬಹುದು, ಗಾಬರಿಯಲ್ಲಿದ್ದೆ ಎಂದರು. ನಾನು ಏರಿಸುವುದಿಲ್ಲ ಎಂದೆ. ಅವರು ಮೊದಲು ಬೇಡಿಕೊಂಡರು, ಆಮೇಲೆ ಕೂಗಾಡಿದರು.

"ಹಾಲು ಬರ್ಫಿನಲ್ಲಿ ಉಳಿಯುತ್ತೆ, ಇನ್ಸುಲಿನ್ ಬರ್ಫಿನಲ್ಲಿ ಉಳಿಯುತ್ತೆ, ಇದೊಂದು ಹೇಗೆ ಕೆಡುತ್ತೆ? ನೀವು ಬೇಕಂತಲೇ ಸತಾಯಿಸ್ತಿದ್ದೀರಿ."

ರಿತು ಅಳತೊಡಗಿದಳು. ನಾನು ಡಾಕ್ಟರಿಗೆ ಫೋನು ಮಾಡಿದೆ, ರಕ್ತನಿಧಿಗೆ ಫೋನು ಮಾಡಿದೆ, ಎರಡೂ ಕಡೆ ನಾನೇ ಸರಿ ಎಂದಾಯಿತು. ಸರಿಯಾಗಿದ್ದರಿಂದ ಯಾರಿಗೂ ಸಮಾಧಾನವಾಗಲಿಲ್ಲ, ನನಗೂ ಸಹ. ಮಾಸ್ಟರ್‌ಜೀ ಮತ್ತೆ ಹೊರಟರು. ಹೋಗುವಾಗ ಮಗಳಿಗೆಂದು ತಂದಿದ್ದ ಕೀವಿ ಪೊಟ್ಟಣವನ್ನು ಆಂಟಿಯ ಕೈಗೆ ಕೊಟ್ಟು, "ಬೆಹೆನ್‌ಜೀ, ಇಷ್ಟಾದರೂ ತಿನ್ನಿಸಿ," ಎಂದರು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಬೀಳಲಿಲ್ಲವೆಂದು ಹೇಳಲಾರೆ.

ಮಧ್ಯಾಹ್ನದ ಊಟಕ್ಕೆ ಮೊದಲು ಶುಗರ್ ನೋಡುವ ಹೊತ್ತಿಗೆ ನಾನು ಮುಕ್ಕಾಲು ಗಂಟೆ ಹಿಂದುಳಿದಿದ್ದೆ. ತಲೆಯೊಳಗೆ ಮಾಸ್ಟರ್‌ಜೀ ಇನ್ನೂ ಕೂಗುತ್ತಿದ್ದರು. ಆಂಟಿಯ ಬೆರಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದೆ, ಒಣಗಲು ಬಿಟ್ಟೆ, ಚುಚ್ಚಿದೆ, ಹನಿಯನ್ನು ಶುಗರ್ ಮೆಷೀನಿನ ಪಟ್ಟಿಗೆ ತಾಗಿಸಿದೆ. ಮೆಷೀನು ನಾನೂರ ಹನ್ನೆರಡು ತೋರಿಸಿತು.

ಬೆಳಿಗ್ಗೆ ನೂರ ನಲವತ್ತಾರು ಇತ್ತು.

"ಏನು ತಿಂದ್ರಿ ಆಂಟಿ?"

"ಏನೂ ಇಲ್ಲ ಮಗು. ಬೆಳಿಗ್ಗೆ ಅರ್ಧ ಇಡ್ಲಿ. ಬಾಯಿಗೆ ಏನೂ ಸೇರ್ತಾ ಇಲ್ಲ."

"ಸ್ವೀಟು?"

"ಇಲ್ಲ ಅಂದೆನಲ್ಲ."

ಅದಕ್ಕೆ ಎರಡು ದಿನ ಮುಂಚೆ ಇದೇ ವಾರ್ಡಿನಲ್ಲಿ ಒಬ್ಬ ಮುದುಕರು ದಿಂಬಿನ ಕೆಳಗೆ ಜಿಲೇಬಿ ಇಟ್ಟುಕೊಂಡು ನನ್ನ ಕಣ್ಣಲ್ಲಿ ಕಣ್ಣಿಟ್ಟು ಇಲ್ಲ ಎಂದಿದ್ದರು. ಎಲ್ಲರೂ ಇಲ್ಲ ಎನ್ನುತ್ತಾರೆ. ನಾನು ಆಂಟಿಯ ಕಪಾಟು ತೆರೆದು ನೋಡಿದೆ. ಅವರು ಎಲ್ಲರೆದುರು ನಾಚಿಕೊಂಡು ಹೊದಿಕೆ ಸರಿಮಾಡಿಕೊಂಡರು.

"ಅಷ್ಟೊಂದು ಇರೋಕೆ ಸಾಧ್ಯ ಇಲ್ಲ ಮಗು. ಜಾಸ್ತಿ ಆದ್ರೆ ನಂಗೆ ಗೊತ್ತಾಗುತ್ತೆ, ನಾಲಿಗೆ ಒಣಗುತ್ತೆ. ಇನ್ನೊಂದ್ಸಲ ನೋಡು."

"ಮೆಷೀನ್ ಸುಳ್ಳು ಹೇಳಲ್ಲ ಆಂಟಿ," ಎಂದೆ.

ಎಲ್ಲವನ್ನೂ ಎರಡು ಸಲ ನೋಡುವವಳು ಎಂದು ಹೆಸರಾಗಿದ್ದವಳು ಅಂದು ಎರಡನೇ ಸಲ ನೋಡಲಿಲ್ಲ. ಡ್ಯೂಟಿ ಡಾಕ್ಟರಿಗೆ ಫೋನಿನಲ್ಲಿ ಅಂಕಿ ಹೇಳಿದೆ. ಚಾರ್ಟಿನ ಪ್ರಕಾರ ಕೊಡಿ ಎಂದರು. ಚಾರ್ಟಿನಲ್ಲಿ ಆ ಅಂಕಿಗೆ ಎಷ್ಟು ಯೂನಿಟ್ ಇನ್ಸುಲಿನ್ ಇತ್ತೋ ಅಷ್ಟನ್ನೂ ಎಳೆದು, ನಿಯಮದಂತೆ ಇನ್ನೊಬ್ಬ ನರ್ಸಿಗೆ ಸಿರಿಂಜು ತೋರಿಸಿ, ಕೊಟ್ಟೆ. ಸಿರಿಂಜಿನಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಊಟದ ತಟ್ಟೆ ಬಂತು. ಆಂಟಿ ನಾಲ್ಕು ಚಮಚ ಕಿಚಡಿ ತಿಂದು ಬದಿಗಿಟ್ಟರೆಂದು ಆಮೇಲೆ ತಿಳಿಯಿತು. ನಾನು ಆಗ ವಾರ್ಡಿನ ಇನ್ನೊಂದು ತುದಿಯಲ್ಲಿ ಯಾರಿಗೋ ಚಕ್ರ ಮುಟ್ಟಬೇಡಿ ಎಂದು ಹೇಳುತ್ತಿದ್ದೆ.

ಒಂದು ಗಂಟೆಯ ಮೇಲೆ ಮಾದಪ್ಪನವರು ನರ್ಸುಗಳ ಮೇಜಿನ ಹತ್ತಿರ ಬಂದು ನಿಂತರು. ಅವರು ಕೂಗುವವರಲ್ಲ.

"ಸಿಸ್ಟರ್, ಪೊನ್ನಮ್ಮ ಬೇರೆ ಥರ ಮಾತಾಡ್ತಿದ್ದಾಳೆ."

ಹೋಗಿ ನೋಡಿದರೆ ಆಂಟಿಯ ನೈಟಿ ಬೆವರಿನಲ್ಲಿ ತೊಯ್ದಿತ್ತು. ಮುಟ್ಟಿದರೆ ಮೈ ಮಂಜುಗಡ್ಡೆ. ಕಣ್ಣು ಅರೆತೆರೆದಿತ್ತು, ಮಾತು ತೊದಲುತ್ತಿತ್ತು, ಕರೆದರೆ ತಿರುಗುತ್ತಿರಲಿಲ್ಲ. ಶುಗರ್ ಇಳಿದಿದೆ ಎಂದು ಯಾರಿಗಾದರೂ ಅನಿಸಬೇಕು. ನನಗೂ ಅನಿಸಿತು. ಓಡಿ ಮೆಷೀನು ತಂದು, ಸ್ಪಿರಿಟ್ ಹತ್ತಿಯಿಂದ ಒರೆಸಿ, ಬೆರಳು ಚುಚ್ಚಿದೆ. ಇನ್ನೂರ ಮೂವತ್ತೆಂಟು.

ಹಾಗಾದರೆ ಶುಗರ್ ಅಲ್ಲ. ಮೆದುಳಿನಲ್ಲಿ ರಕ್ತಸ್ರಾವವೇ? ಡೆಂಗ್ಯೂವಿನಿಂದ ಬಿ.ಪಿ. ಕುಸಿಯುತ್ತಿದೆಯೇ? ನಾನು ಆ ಅಂಕಿಯನ್ನೇ ನೋಡುತ್ತ ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ನೆನಪಿನಲ್ಲಿ ಅದು ಬಹಳ ಉದ್ದವಾಗಿದೆ. ಅಷ್ಟರಲ್ಲಿ ಮಾದಪ್ಪನವರು ಫ್ಲಾಸ್ಕಿನ ನೀರಿಗೆ ಸಕ್ಕರೆ ಕದಡಿ ಹೆಂಡತಿಯ ತುಟಿಗೆ ಹಿಡಿಯಲು ಹೋದರು. ಅದನ್ನು ತಡೆದೆ. ನುಂಗಲಾಗದವರ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಹೋಗುತ್ತದೆ.

ಲಿಸ್ಸಿ ಸಿಸ್ಟರ್ ಬಂದರು. ಆಂಟಿಯ ಹಣೆ ಮುಟ್ಟಿದರು, ಕುತ್ತಿಗೆಯ ಹಿಂದೆ ಕೈಯಿಟ್ಟು ಬೆವರು ನೋಡಿದರು.

"ಇನ್ಸುಲಿನ್ ಯಾವಾಗ ಕೊಟ್ಟದ್ದು?"

"ಒಂದು ಗಂಟೆ ಆಯ್ತು. ಆದರೆ ಸಿಸ್ಟರ್, ಇನ್ನೂರ ಮೂವತ್ತೆಂಟು ಇದೆ."

"ಮೆಷೀನ್ ಆಚೆ ಇಡು ಮೋಳೇ. ಇವರನ್ನು ನೋಡು. ಲೈನ್ ಎಲ್ಲಿ?"

ಲೈನ್ ಇರಲಿಲ್ಲ. ಕ್ಯಾನುಲಾವನ್ನು ಬೆಳಿಗ್ಗೆಯೇ ತೆಗೆದಿದ್ದೆ. ಡಾಕ್ಟರನ್ನು ಕರೆಯಲು ಒಬ್ಬಳನ್ನು ಓಡಿಸಿ, ಲಿಸ್ಸಿ ಸಿಸ್ಟರ್ ಆಂಟಿಯ ತೋಳಿಗೆ ಪಟ್ಟಿ ಬಿಗಿದು ಕೈಯನ್ನು ಹಾಸಿಗೆಯಿಂದ ಕೆಳಕ್ಕೆ ಇಳಿಬಿಟ್ಟು ಹಿಡಿದರು. ತಣ್ಣಗಾದ ಮೈಯಲ್ಲಿ ನಾಳಗಳು ಎಲ್ಲಿ ಅಡಗಿಕೊಳ್ಳುತ್ತವೆಯೋ. ಮುಂಗೈ ಮೇಲೆ ತೆಳ್ಳಗೆ ಕಂಡದ್ದನ್ನು ಚುಚ್ಚಿದೆ. ಸೂಜಿ ಹೊಕ್ಕ ಕೂಡಲೇ ನಾಳ ಒಡೆದು ಚರ್ಮದ ಕೆಳಗೆ ನೀಲಿಯಾಯಿತು. ಹತ್ತಿ ಒತ್ತಿ ಹಿಡಿಯಲು ಮಾದಪ್ಪನವರಿಗೆ ಹೇಳಿದೆ. ಅವರು ಎರಡೂ ಹೆಬ್ಬೆರಳಿನಿಂದ ಒತ್ತಿದರು. ಇನ್ನೊಂದು ಕೈ. ಅಲ್ಲಿ ಕಣ್ಣಿಗೆ ಏನೂ ಕಾಣಲಿಲ್ಲ.

"ಕಣ್ಣಲ್ಲಿ ಹುಡುಕಬೇಡ, ಬೆರಳಲ್ಲಿ ಹುಡುಕು," ಎಂದರು ಲಿಸ್ಸಿ ಸಿಸ್ಟರ್, ಅಡುಗೆ ಹೇಳಿಕೊಡುವವರ ದನಿಯಲ್ಲಿ.

ಮೊಣಕೈ ಮಡಿಕೆಯ ಒಳಬದಿಯಲ್ಲಿ ಬೆರಳಿಗೆ ಒಂದು ಪುಟಿತ ಸಿಕ್ಕಿತು, ನೀರು ತುಂಬಿದ ಬಲೂನನ್ನು ಒತ್ತಿದ ಹಾಗೆ. ಅಲ್ಲಿ ಚುಚ್ಚಿದೆ. ಕ್ಯಾನುಲಾದ ಹಿಂಬದಿಯಲ್ಲಿ ಕೆಂಪು ಕಂಡಿತು.

ಏನು ತೋಚಿತೋ, ಸೂಜಿ ಹೊರತೆಗೆಯುವಾಗ ಅದರ ಹಿಂಬದಿಯಲ್ಲಿದ್ದ ರಕ್ತದ ಒಂದು ಹನಿಯನ್ನು ಹೊಸ ಪಟ್ಟಿಗೆ ತಾಗಿಸಿ ಮೆಷೀನಿಗೆ ಹಾಕಿದೆ. ಇಪ್ಪತ್ತೆಂಟು.

ಬೆರಳಿನಲ್ಲಿ ಇನ್ನೂರ ಮೂವತ್ತೆಂಟು, ನಾಳದಲ್ಲಿ ಇಪ್ಪತ್ತೆಂಟು. ಒಂದೇ ಹೆಂಗಸು, ಐದು ನಿಮಿಷದ ಅಂತರ. ಯೋಚಿಸಲು ಸಮಯವಿರಲಿಲ್ಲ. ನಾಳಕ್ಕೆ ಕೊಡುವ ಸಕ್ಕರೆ ದ್ರವ, ಡೆಕ್ಸ್‌ಟ್ರೋಸ್, ಪಾಕದ ಹಾಗೆ ಗಟ್ಟಿ. ನಾಳದಿಂದ ಹೊರಗೆ ಸೋರಿದರೆ ಮಾಂಸ ಸುಡುತ್ತದೆ. ಒಂದು ಕೈಯಲ್ಲಿ ಚರ್ಮ ಉಬ್ಬುತ್ತಿದೆಯೇ ಎಂದು ಮುಟ್ಟಿ ನೋಡುತ್ತ, ಇನ್ನೊಂದರಲ್ಲಿ ನಿಧಾನವಾಗಿ ತಳ್ಳಿದೆ. ಎರಡನೇ ಸಿರಿಂಜು ಅರ್ಧವಾಗುವಾಗ ಆಂಟಿ ಕಣ್ಣು ತೆರೆದು ಕೊಡವ ಭಾಷೆಯಲ್ಲಿ ಏನೋ ಹೇಳಿದರು.

"ಏನಂತೆ?" ಎಂದರು ಲಿಸ್ಸಿ ಸಿಸ್ಟರ್.

"ನನ್ನ ಅಂಗಿ ಯಾಕೆ ಒದ್ದೆ ಅಂತ ಕೇಳ್ತಿದ್ದಾಳೆ," ಎಂದರು ಮಾದಪ್ಪನವರು. ಸಕ್ಕರೆ ನೀರೆಲ್ಲ ಅವರ ಮೈಮೇಲೆ ಚೆಲ್ಲಿತ್ತು. ಅವರು ಸ್ಟೂಲಿನ ಮೇಲೆ ಕೂತರು. ಅವರ ಬೆನ್ನು ಬಾಗಿದ್ದನ್ನು ನಾನು ನೋಡಿದ್ದು ಆಗೊಮ್ಮೆ ಮಾತ್ರ.

ಡಾಕ್ಟರು ಬಂದರು, ಸಕ್ಕರೆಯ ಡ್ರಿಪ್ ಬರೆದರು, ಹದಿನೈದು ನಿಮಿಷಕ್ಕೊಮ್ಮೆ ಶುಗರ್ ನೋಡಲು ಹೇಳಿದರು. ಹೋಗುವ ಮುನ್ನ, "ಡೆಂಗ್ಯೂವಿನಲ್ಲಿ ಹೀಗೆ ಏರುಪೇರು ಆಗುತ್ತೆ," ಎಂದರು. ಎಲ್ಲರೂ ಹೂಂ ಎಂದರು. ಆ ಋತುವಿನಲ್ಲಿ ಎಲ್ಲಕ್ಕೂ ಡೆಂಗ್ಯೂವೇ ಕಾರಣವಾಗಿತ್ತು. ಲಿಫ್ಟ್ ತಡವಾದರೂ ಸಹ.

ನಾನು ಹಾಸಿಗೆ ಸರಿಮಾಡುವಾಗ ಕಪಾಟಿನ ಮೇಲೆ ಹಾಳೆಯೊಂದು ಮಡಿಸಿಟ್ಟಿತ್ತು. ಬಿಚ್ಚಿದರೆ ಕೀವಿ ಸಿಪ್ಪೆ.

"ಇದನ್ನು ಯಾರು ಸುಲಿದದ್ದು?"

"ನಾನೇ," ಎಂದರು ಆಂಟಿ, ಇನ್ನೂ ಬಳಲಿದ ದನಿಯಲ್ಲಿ. "ಆ ಹುಡುಗಿ ಕೈಗೆ ಸೂಜಿ ಇತ್ತಲ್ಲ. ಊಟಕ್ಕೆ ಮುಂಚೆ ಎರಡು, ಆಮೇಲೆ ಒಂದು. ನಾನು ಒಂದು ತುಂಡೂ ಬಾಯಿಗೆ ಹಾಕಿಲ್ಲ ಮಗು. ಬೇಕಾದ್ರೆ ರಿತುನ ಕೇಳು."

ಹಿಂದಿಯಲ್ಲಿ ಕೇಳಿದೆ; ರಿತು ಹೌದೆಂದು ತಲೆಯಾಡಿಸಿದಳು. ಇಬ್ಬರು ರೋಗಿಗಳು ಸಾಕ್ಷಿ ಸಮೇತ ನನ್ನೆದುರು ತಮ್ಮ ತಪ್ಪಿಲ್ಲವೆಂದು ಸಾಬೀತು ಮಾಡುತ್ತಿದ್ದರು.

ಮಾರನೆಯ ದಿನ ಪಾಳಿಗೆ ಅರ್ಧ ಗಂಟೆ ಮೊದಲೇ ಹೋದೆ. ದಾರಿಯಲ್ಲಿ ಒಂದು ಕೀವಿ ಕೊಂಡಿದ್ದೆ. ಔಷಧಿ ಕೋಣೆಯಲ್ಲಿ ನಿಂತು ಅದನ್ನು ಸುಲಿದೆ. ಬೆರಳನ್ನು ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ಒರೆಸಿ, ಒಣಗಲು ಬಿಟ್ಟು, ಚುಚ್ಚಿಕೊಂಡೆ. ಮುನ್ನೂರ ಹನ್ನೊಂದು. ನನಗೆ ಸಕ್ಕರೆ ಕಾಯಿಲೆ ಇಲ್ಲ. ಸೋಪು ಹಚ್ಚಿ ನೀರಿನಲ್ಲಿ ಕೈ ತೊಳೆದು, ಒರೆಸಿ, ಅದೇ ಬೆರಳಿನ ಇನ್ನೊಂದು ಬದಿಯನ್ನು ಚುಚ್ಚಿದೆ. ತೊಂಬತ್ತೆರಡು.

ಸ್ಪಿರಿಟ್ ರೋಗಾಣುವನ್ನು ಕೊಲ್ಲುತ್ತದೆ, ಸಕ್ಕರೆಯನ್ನು ತೆಗೆಯುವುದಿಲ್ಲ. ಹಣ್ಣಿನ ರಸ ಬೆರಳಿನ ಮೇಲೇ ಕೂತಿರುತ್ತದೆ. ಬೆರಳು ಚುಚ್ಚುವ ಮೊದಲು ಸೋಪು ನೀರಿನಲ್ಲಿ ಕೈ ತೊಳೆಸಬೇಕು ಎಂದು ಮೊದಲನೇ ವರ್ಷದ ಪಠ್ಯದಲ್ಲೇ ಇದೆ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೇನೆ. ಯಾವ ವಾರ್ಡಿನಲ್ಲೂ ಯಾರೂ ಮಾಡುವುದಿಲ್ಲ. ನಾನು ಮಾಡುತ್ತಿರಲಿಲ್ಲ. ಮೆಷೀನು ನಿಜಕ್ಕೂ ಸುಳ್ಳು ಹೇಳಿರಲಿಲ್ಲ. ಅದು ಕೀವಿ ಹಣ್ಣಿನ ಶುಗರ್ ಹೇಳಿತ್ತು, ಅದಕ್ಕೆ ನಾನು ಪೊನ್ನಮ್ಮ ಆಂಟಿಗೆ ಇನ್ಸುಲಿನ್ ಕೊಟ್ಟಿದ್ದೆ.

ಲಿಸ್ಸಿ ಸಿಸ್ಟರ್ ಬಂದಾಗ ಎರಡೂ ಅಂಕಿ ತೋರಿಸಿದೆ. ಅವರು ಹಿಂದಿನ ದಿನದ ರೆಕಾರ್ಡು ತೆರೆದು ಓದಿದರು.

"ನಿನ್ನೆಯ ರೆಕಾರ್ಡಿನಲ್ಲಿ 'ಶುಗರ್ ಇಳಿದಿತ್ತು, ಚಿಕಿತ್ಸೆ ಕೊಟ್ಟು ಸರಿಯಾಯಿತು' ಅಂತ ಇದೆ. ಅದರಲ್ಲಿ ಸುಳ್ಳು ಒಂದೂ ಇಲ್ಲ."

"ಇಲ್ಲ."

"ನೀನು ಘಟನೆಯ ವರದಿ ಅಂತ ಬೇರೆ ಬರೆದರೆ ಅದು ಮೇಲಕ್ಕೆ ಹೋಗ್ತದೆ. ನಿನ್ನ ಕರಾರಿಗೆ ಇನ್ನು ಎರಡು ತಿಂಗಳು ಉಂಟು. ನಾನು ಬರೀಬೇಡ ಅಂತ ಹೇಳೋದಿಲ್ಲ. ಬರಿ ಅಂತಲೂ ಹೇಳೋದಿಲ್ಲ."

"ಮೊದಲು ಅವರಿಗೆ ಹೇಳಬೇಕು," ಎಂದೆ.

ಕಣ್ಣಂದಾಜಿನವರೆಂದು ನಾನು ಲೆಕ್ಕಕ್ಕಿಟ್ಟಿರದ ಅವರು, "ನಾನೂ ಬರ್ತೇನೆ," ಎಂದು ನನ್ನ ಜೊತೆ ನಡೆದರು.

ಹೇಳುವುದು ಕಷ್ಟವಾಯಿತು. ನಾನು ಪಾಠ ಒಪ್ಪಿಸುವವಳ ಹಾಗೆ ಕ್ರಮವಾಗಿ ಹೇಳಿದೆ: ಹಣ್ಣು, ಬೆರಳು, ಸ್ಪಿರಿಟ್, ಅಂಕಿ, ಇನ್ಸುಲಿನ್. ಇನ್ನೊಮ್ಮೆ ನೋಡು ಎಂದು ನೀವು ಹೇಳಿದಿರಿ, ನಾನು ನೋಡಲಿಲ್ಲ ಎಂದೆ. ಕಪಾಟು ತೆರೆದದ್ದಕ್ಕೂ ಕ್ಷಮೆ ಕೇಳಿದೆ.

ಆಂಟಿ ತಮ್ಮ ಬೆರಳುಗಳನ್ನು ನೋಡಿಕೊಂಡರು. "ಹಾಗಾದ್ರೆ ತಪ್ಪು ನಂದೇ ಆಯ್ತಲ್ಲ. ಹಣ್ಣು ಸುಲಿದ ಮೇಲೆ ಕೈ ತೊಳೀಬೇಕಿತ್ತು."

"ನಿಮ್ಮದಲ್ಲ ಆಂಟಿ. ತೊಳೆಸಬೇಕಾದವಳು ನಾನು."

"ನೀನು ಯಾಕೆ ತೊಳೆಸಬೇಕು, ನಾನೇನು ಮಗುವಾ? ಮನೇಲಿ ಆಗಿದ್ರೆ ತೊಳೀತಿದ್ದೆ. ಇಲ್ಲಿ ಬಾತ್‌ರೂಮು ಅಷ್ಟು ದೂರ."

"ಆಂಟಿ, ದಯವಿಟ್ಟು. ಇದು ನಿಮ್ಮ ತಪ್ಪಲ್ಲ."

"ಅಚ್ಛಾ, ಸಿಡುಕಬೇಡ. ಇಬ್ಬರದೂ ಅರ್ಧ ಅರ್ಧ ಅಂತ ಇಟ್ಟುಕೊಳ್ಳೋಣ."

ಕ್ಷಮೆ ಕೇಳಲು ಹೋದಲ್ಲೂ ನಾನು ಸಿಡುಕುತ್ತಿದ್ದೆ. ಅವರು ಬೈದಿದ್ದರೆ ಸುಲಭವಾಗುತ್ತಿತ್ತು.

"ಅರ್ಧ ಅರ್ಧ ಇಲ್ಲ," ಎಂದರು ಮಾದಪ್ಪನವರು ಹೆಂಡತಿಗೆ. "ರೈಫಲ್ ಕೈತಪ್ಪಿ ಹಾರಿದ್ರೆ ಅದು ಹಿಡಿದವನದು. ಪಕ್ಕದಲ್ಲಿ ನಿಂತವನದಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನಿನ್ನೆ ಡಾಕ್ಟರು ಡೆಂಗ್ಯೂ ಅಂದ್ರು. ನಾನು ಡೈರಿಯಲ್ಲಿ ಹಾಗೇ ಬರೆದುಕೊಂಡೆ. ನೀನು ನಿನ್ನ ಪುಸ್ತಕದಲ್ಲಿ ಏನು ಬರೆದಿದ್ದೀಯ?"

"ಇನ್ನೂ ಬರೆದಿಲ್ಲ. ಈಗ ಬರೀತೀನಿ."

ಅವರು ಡೈರಿ ತೆಗೆದರು, ಹಿಂದಿನ ದಿನದ ಒಂದು ಸಾಲಿನ ಮೇಲೆ ಗೆರೆ ಎಳೆದರು, ಪೆನ್ನು ಹಿಡಿದು ಕಾದರು. "ಇನ್ನೊಂದ್ಸಲ ಹೇಳು, ನಿಧಾನವಾಗಿ."

ಅವರಿಗೆ ಬರೆಸಿದ್ದನ್ನೇ ನಾನೂ ಬರೆದೆ, ಒಂದು ಪುಟ. ಅದು ಮೇಲಕ್ಕೆ ಹೋಯಿತು. ನನ್ನನ್ನು ಎರಡು ಸಲ ಕರೆದು ಕೇಳಿದರು, ಒಂದು ಎಚ್ಚರಿಕೆ ಪತ್ರ ಕೊಟ್ಟರು, ಕರಾರು ಮುಂದುವರಿಸುವ ವಿಚಾರವನ್ನು ಮೂರು ತಿಂಗಳು ತಡೆಹಿಡಿದರು. ರಿತುಗೆ ಆಂಟಿಯ ಶುಗರ್ ಇಳಿದ ದಿನ ಸಂಜೆಯೇ ಮುಂದಿನ ಪಾಳಿಯವರು ಎರಡನೇ ಚೀಲ ಏರಿಸಿದ್ದರು. ಈ ಸಲ ಮಾಸ್ಟರ್‌ಜೀ ಐಸಿಲ್ಲದೆ, ಆಟೋದಲ್ಲಿ ಕೂತು, ಅದನ್ನು ಹಸುಗೂಸಿನ ಹಾಗೆ ಮೆಲ್ಲಗೆ ತೂಗುತ್ತ ತಂದಿದ್ದರಂತೆ. ಪೊನ್ನಮ್ಮ ಆಂಟಿ ಇನ್ನೂ ನಾಲ್ಕು ದಿನ ಇದ್ದರು. ನಾನು ಮೆಷೀನು ಹಿಡಿದು ಬರುವುದು ಕಂಡರೆ ಎದ್ದು ಹೋಗಿ ಕೈ ತೊಳೆದು, ಶಾಲೆಯ ಪ್ರಾರ್ಥನೆಯಲ್ಲಿ ಉಗುರು ತೋರಿಸುವ ಮಕ್ಕಳ ಹಾಗೆ ಎರಡೂ ಅಂಗೈ ಮುಂದೆ ಹಿಡಿಯುತ್ತಿದ್ದರು. "ನೋಡ್ಕೋ. ಆಮೇಲೆ ನನ್ನ ಕಪಾಟು ತೆಗೀಬೇಡ." ವಾರ್ಡು ನಗುತ್ತಿತ್ತು. ನನಗೆ ನಗು ಬರುತ್ತಿರಲಿಲ್ಲ. ಪ್ರತಿ ಸಲವೂ ಎರಡು ಬೆರಳು ಚುಚ್ಚಿ ಎರಡು ಸಲ ನೋಡುತ್ತಿದ್ದೆ. ಅವರು ಬೇಡ ಎನ್ನಲಿಲ್ಲ.

ವರದಿಯಿಂದ ಒಂದು ಬದಲಾವಣೆಯಾಯಿತು. ಶುಗರ್ ಚಾರ್ಟಿನಲ್ಲಿ 'ಕೈ ತೊಳೆಸಲಾಗಿದೆ' ಎಂಬ ಹೊಸ ಕಲಂ ಬಂತು. ಎರಡು ವಾರ ಕಳೆದು ನೋಡಿದರೆ ಆ ಕಲಮಿನಲ್ಲಿ ಬರುವ ಭಾನುವಾರದವರೆಗೂ ಗುರುತು ಹಾಕಿಟ್ಟಿತ್ತು. ನಾನು ನೋಡಿದ್ದು ಗುರುವಾರ.

ಪರೀಕ್ಷೆ ಆ ವರ್ಷವಲ್ಲ, ಮರುವರ್ಷ ಪಾಸಾಯಿತು. ಈಗ ಸರ್ಕಾರಿ ಆಸ್ಪತ್ರೆಯೊಂದರಲ್ಲಿದ್ದೇನೆ. ಹೊಸದಾಗಿ ಬರುವವರಿಗೆ ವಾರ್ಡಿನ ಕೆಲಸ ಕಲಿಸುವುದೂ ನನ್ನ ಪಾಲಿಗೆ ಬಂದಿದೆ. ಬೆರಳು ಚುಚ್ಚುವ ಮೊದಲು ಕೈ ತೊಳೆಸಿ ಎಂದರೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. "ಮೇಡಂ, ಸ್ಪಿರಿಟ್ ಇದೆಯಲ್ಲ," ಎನ್ನುತ್ತಾರೆ. ನನ್ನ ಕಥೆಯನ್ನು ಅವರಿಗೆ ಹೇಳಿಲ್ಲ. ಹೇಳಿದರೆ ನನ್ನ ಬಗ್ಗೆ ತಿಳಿಯುತ್ತದೆಯೇ ಹೊರತು ಬೆರಳಿನ ಬಗ್ಗೆ ಅಲ್ಲ.

ಮೊನ್ನೆ ಕೊಂಡ ಹಣ್ಣನ್ನು ಮಾರನೆಯ ಬೆಳಿಗ್ಗೆ ಬ್ಯಾಗಿನಲ್ಲಿಟ್ಟುಕೊಂಡು ಹೋದೆ. ಈ ಸಲ ನಾಲ್ವರು ಹೊಸಬರು. ಅವರಲ್ಲಿ ಚುರುಕಾದವಳು, ಎಲ್ಲವನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವವಳು ಒಬ್ಬಳಿದ್ದಾಳೆ. ಕೈ ತೊಳೆಸುವುದು ಸಮಯ ಹಾಳು ಎಂದು ನನಗೆ ಕೇಳಿಸುವ ಹಾಗೆ ಹೇಳಿದವಳೂ ಅವಳೇ. ಕೀವಿಯನ್ನೂ ಒಂದು ಚಾಕುವನ್ನೂ ಅವಳ ಮುಂದಿಟ್ಟೆ.

"ಸುಲಿ," ಎಂದೆ.

ಸುಲಿದಳು. ಹಣ್ಣನ್ನು ತಟ್ಟೆಗೆ ಹಾಕಿ, ಬೆರಳನ್ನು ಸ್ಪಿರಿಟ್ ಹತ್ತಿಯಿಂದ ಒಂದಲ್ಲ, ಎರಡು ಸಲ ಒರೆಸಿಕೊಂಡಳು. ಚುಚ್ಚಿಕೊಂಡಳು. ಮೆಷೀನು ಐದು ಸೆಕೆಂಡು ತೆಗೆದುಕೊಳ್ಳುತ್ತದೆ. ಅಂಕಿ ಬಂದಾಗ ಅವಳ ಮುಖದ ಬಣ್ಣ ಇಳಿಯಿತು.

"ಮೇಡಂ, ನನಗೆ ಶುಗರ್ ಇಲ್ಲ," ಎಂದಳು. "ನಿಜವಾಗಿ ಹೇಳ್ತಿದ್ದೀನಿ. ಬೆಳಿಗ್ಗೆಯಿಂದ ನಾನು ಏನೂ ತಿಂದಿಲ್ಲ."

"ಗೊತ್ತು," ಎಂದು ಅವಳಿಗೆ ನಲ್ಲಿ ತೋರಿಸಿದೆ.